ಬೂದು ಎರಡು, ಹಾಲ್ ಒಂದು: ರಾಜಾಜಿನಗರದ ಮನೆಯೊಂದರ ಬಣ್ಣದ ಆಯ್ಕೆ

ರಾಜಾಜಿನಗರದ ಒಂದು 30×40 ಸೈಟಿನ ಮನೆ. ಮೊದಲ ಮಹಡಿಯ ಹಾಲ್‌ಗೆ ಸಂಕ್ರಾಂತಿಯೊಳಗೆ ಬಣ್ಣ ಮುಗಿಯಬೇಕೆಂದು ಡಿಸೆಂಬರ್‌ನಲ್ಲಿ ಕೆಲಸ ಶುರುವಾಯಿತು. ಹಳೆಯ ತಿಳಿ ಹಸಿರು ಹೋಗಬೇಕು, ಸೋಫಾ ಬದಲಾದರೂ ಪರದೆ ಬದಲಾದರೂ ಹೊಂದಿಕೊಳ್ಳುವಂಥ ಬಣ್ಣ ಬರಬೇಕು ಅನ್ನುವುದರಲ್ಲಿ ಮನೆಯವರಿಗೆ ಭಿನ್ನಾಭಿಪ್ರಾಯ ಇರಲಿಲ್ಲ. ಶೇಡ್ ಕಾರ್ಡ್ ತಿರುವಿ ತಿರುವಿ ಕೊನೆಗೆ ಉಳಿದದ್ದು ಎರಡು. ಒಂದು ಬೀಜ್ ಕಡೆಗೆ ವಾಲುವ ಬೆಚ್ಚಗಿನ ಬೂದು, ಇನ್ನೊಂದು ಸ್ವಲ್ಪ ನೀಲಿಯ ಕಡೆಗೆ ವಾಲುವ ತಣ್ಣನೆಯ ಬೂದು. ಇಂಥ ಜೋಡಿ ಎಲ್ಲ ಕಂಪನಿಗಳ ಕಾರ್ಡಿನಲ್ಲೂ ಇರುವುದರಿಂದ ಕಂಪನಿಯ ಹೆಸರು, ಕೋಡ್ ನಂಬರ್ ಇಲ್ಲಿ ಮುಖ್ಯವಲ್ಲ. ಅನುಕೂಲಕ್ಕಾಗಿ ಮೊದಲನೆಯದನ್ನು ಮರಳು ಬೂದು, ಎರಡನೆಯದನ್ನು ಮೋಡದ ಬೂದು ಎಂದು ಕರೆಯೋಣ. ಅಮ್ಮನ ಮನಸ್ಸು ಮರಳಿನ ಮೇಲೆ, ಮಗಳದ್ದು ಮೋಡದ ಮೇಲೆ.

ಎರಡರ ಎಲ್‌ಆರ್‌ವಿ (ಲೈಟ್ ರಿಫ್ಲೆಕ್ಟೆನ್ಸ್ ವ್ಯಾಲ್ಯೂ) ಹತ್ತಿರ ಹತ್ತಿರ ಇತ್ತು: ಮರಳಿನದು 58, ಮೋಡದ್ದು 61. ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟನ್ನು ಗೋಡೆ ವಾಪಸ್ ಕೊಡುತ್ತದೆ ಎನ್ನುವ ಲೆಕ್ಕ ಅದು. ಕಡುಕಪ್ಪಿಗೆ 0, ಶುದ್ಧ ಬಿಳುಪಿಗೆ 100. ಮೂರು ಅಂಕದ ವ್ಯತ್ಯಾಸವನ್ನು ಗೋಡೆಯ ಮೇಲೆ ಕಣ್ಣು ಹೆಚ್ಚುಕಡಿಮೆ ಗುರುತಿಸುವುದಿಲ್ಲ. ಹಾಗಾಗಿ ‘ಯಾವುದರಲ್ಲಿ ಹಾಲ್ ಹೆಚ್ಚು ಬೆಳಕಾಗಿ ಕಾಣುತ್ತದೆ’ ಅನ್ನುವ ಪ್ರಶ್ನೆ ಇಲ್ಲಿ ಏಳಲೇ ಇಲ್ಲ. ಉಳಿದದ್ದು ಒಳಛಾಯೆಯ ಪ್ರಶ್ನೆ. ಬೂದು ಬಣ್ಣದ ಅಡಿಯಲ್ಲಿ ಅಡಗಿರುವ ಹಳದಿ, ಕೆಂಪು, ನೀಲಿ, ಹಸಿರು ಈ ಹಾಲ್‌ನಲ್ಲಿ ಎಷ್ಟು ಎದ್ದು ಬರುತ್ತವೆ ಅನ್ನುವುದನ್ನು ನೋಡಬೇಕಿತ್ತು. ಅದನ್ನು ತೀರ್ಮಾನಿಸಿದ್ದು ಶೇಡ್ ಕಾರ್ಡ್ ಅಲ್ಲ; ಕಿಟಕಿಯ ಎದುರಿದ್ದ ಪಕ್ಕದ ಮನೆಯ ಗೋಡೆ.

ಹಾಲ್ ಹೇಗಿದೆ

ಉದ್ದ 16 ಅಡಿ, ಅಗಲ 11 ಅಡಿ, ಎತ್ತರ ಒಂಬತ್ತೂವರೆ ಅಡಿ. ಬೆಳಕು ಬರುವುದು ಉತ್ತರಕ್ಕಿರುವ 6×4 ಅಡಿಯ ಒಂದೇ ಕಿಟಕಿಯಿಂದ. ಕಿಟಕಿಯಿಂದ ಆರು ಅಡಿ ದೂರದಲ್ಲಿ ಪಕ್ಕದವರ ಮೂರು ಅಂತಸ್ತಿನ ಮನೆಯ ಗೋಡೆ, ಅದಕ್ಕೆ ಇಟ್ಟಿಗೆ ಬಣ್ಣ. ನೆಲ ಹಳೆಯ ರೆಡ್ ಆಕ್ಸೈಡ್, ವರ್ಷಗಟ್ಟಲೆ ಒರೆಸಿ ಒರೆಸಿ ಹೊಳಪು ಬಂದದ್ದು. ಬಾಗಿಲು, ಚೌಕಟ್ಟು ಪಾಲಿಶ್ ಮಾಡಿದ ತೇಗ. ಪೂರ್ವದ ಗೋಡೆಯಲ್ಲಿ ದೇವರ ಗೂಡು. ರಾತ್ರಿಗೆ 20 ವಾಟ್‌ನ ಎರಡು ಎಲ್‌ಇಡಿ ಟ್ಯೂಬ್, ಎರಡೂ 6500 ಕೆಲ್ವಿನ್‌ನ ಕೂಲ್ ಡೇಲೈಟ್ (ಕೆಲ್ವಿನ್ ಅಂಕಿ ಹೆಚ್ಚಿದಷ್ಟೂ ಬೆಳಕು ನೀಲಿ ಕಡೆಗೆ, ಕಡಿಮೆಯಾದಷ್ಟೂ ಹಳದಿ ಕಡೆಗೆ).

‘ಉತ್ತರದ ಕಿಟಕಿಯ ಬೆಳಕು ತಣ್ಣಗಿನ ನೀಲಿ ಬೆಳಕು, ಆದ್ದರಿಂದ ಬೆಚ್ಚಗಿನ ಬಣ್ಣ ಹಾಕಿ’ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಲಂಡನ್‌ಗೆ, ನ್ಯೂಯಾರ್ಕ್‌ಗೆ ಸರಿ. ಅಲ್ಲಿ ನಡುಹಗಲ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ಇಲ್ಲಿ ಶೂನ್ಯ ನೆರಳಿನ ದಿನ. ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ಆ ಎರಡು ದಿನಗಳ ನಡುವಿನ ತಿಂಗಳುಗಳಲ್ಲಿ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಸಲಹೆಯ ಅಡಿಪಾಯವೇ ಇಲ್ಲಿ ಸಡಿಲ.

ಈ ಮನೆಯಲ್ಲಿ ಇನ್ನೊಂದು ಸಂಗತಿ ಸೇರಿಕೊಂಡಿದೆ. ಉತ್ತರಕ್ಕಿರುವ ನೆರೆಮನೆಯ ಗೋಡೆ ಈ ಮನೆಯ ಕಡೆಗೆ, ಅಂದರೆ ದಕ್ಷಿಣಕ್ಕೆ ಮುಖ ಮಾಡಿದೆ. ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣದ ಆಕಾಶದಲ್ಲಿ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಆರು ಅಡಿ ಸಂದಿ ಇದ್ದರೆ ಈ ಮನೆಯ ಪ್ಯಾರಪೆಟ್‌ನ ನೆರಳು ಎದುರು ಗೋಡೆಯ ಮೇಲೆ ಪ್ಯಾರಪೆಟ್ ಮಟ್ಟಕ್ಕಿಂತ ಸುಮಾರು ಎಂಟು ಅಡಿ ಕೆಳಗೆ ಬೀಳುತ್ತದೆ. ಅದರ ಮೇಲಿನ ಭಾಗಕ್ಕೆಲ್ಲ ಬಿಸಿಲು. ಮೊದಲ ಮಹಡಿಯ ಕಿಟಕಿಯ ಮೇಲರ್ಧದ ಎದುರಿಗೆ ಇಟ್ಟಿಗೆ ಬಣ್ಣದ ಗೋಡೆ ಉರಿಯುವಂತೆ ಬೆಳಗಿ, ಆ ಕೆಂಪು ಬೆಳಕೆಲ್ಲ ಹಾಲ್‌ಗೆ ನುಗ್ಗುತ್ತದೆ. ಜೂನ್‌ನಲ್ಲಿ ಅದೇ ಗೋಡೆಗೆ ಬಿಸಿಲೇ ಇಲ್ಲ. ಜೊತೆಗೆ ಮುಂಗಾರಿನ ಮೋಡ. ಆಗ ಹಾಲ್‌ಗೆ ಸಿಗುವುದು ಎರಡು ಮನೆಗಳ ನಡುವಿನ ಆಕಾಶದ ಪಟ್ಟಿಯ ಬೂದು ಬೆಳಕು ಮಾತ್ರ. ಒಂದೇ ಕಿಟಕಿ, ಆದರೆ ವರ್ಷಕ್ಕೆ ಎರಡು ಥರದ ಬೆಳಕು. ಬೆಂಗಳೂರಿನ ಒತ್ತೊತ್ತಾದ ಸೈಟುಗಳಲ್ಲಿ ಬಣ್ಣ ಆರಿಸುವ ಮೊದಲು ಕಿಟಕಿ ಯಾವ ದಿಕ್ಕಿಗಿದೆ ಅನ್ನುವುದರ ಜೊತೆಗೆ ಅದರ ಎದುರಿಗೆ ಏನಿದೆ ಎಂದು ನೋಡಲೇಬೇಕು. ಎರಡನೆಯದೇ ಹೆಚ್ಚು ಮುಖ್ಯ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮೊದಲ ಪರೀಕ್ಷೆ ಕೆಟ್ಟಿದ್ದು ಯಾಕೆ

ಪೇಂಟರ್ ಎರಡೂ ಶೇಡ್‌ಗಳನ್ನು ಹಳೆಯ ಹಸಿರು ಗೋಡೆಯ ಮೇಲೆ ಪಕ್ಕಪಕ್ಕದಲ್ಲಿ, ಅಂಗೈ ಅಗಲದಷ್ಟು ಬಳಿದು ತೋರಿಸಿದರು. ಎಲ್ಲ ಕಡೆ ನಡೆಯುವುದು ಹೀಗೇ. ಮೋಡದ ಬೂದು ಅಲ್ಲಿ ಗುಲಾಬಿ ಹೊಡೆಯಿತು.

“ಕಾರ್ಡಲ್ಲಿ ಹೀಗಿರ್ಲಿಲ್ವಲ್ಲ ಅಣ್ಣಾ, ಬೇರೆ ಡಬ್ಬಿ ಏನಾದ್ರೂ ಕೊಟ್ರಾ ಅಂಗಡಿಯವ್ರು?” ಎಂದಳು ಮಗಳು.

“ಇಲ್ಲಮ್ಮ, ಕೋಡ್ ಅದೇ ಇದೆ ನೋಡಿ,” ಎಂದು ಪೇಂಟರ್ ಡಬ್ಬಿಯ ಸ್ಟಿಕ್ಕರ್ ತೋರಿಸಿದರು.

ಡಬ್ಬಿ ಸರಿಯಾಗಿಯೇ ಇತ್ತು. ಬೂದು ಬಣ್ಣದ ಸುತ್ತ ಹಸಿರಿದ್ದರೆ ಕಣ್ಣು ಆ ಬೂದಿಗೆ ಹಸಿರಿನ ವಿರುದ್ಧ ಛಾಯೆಯನ್ನು, ಅಂದರೆ ಗುಲಾಬಿಯನ್ನು, ತಾನೇ ಹಚ್ಚಿಬಿಡುತ್ತದೆ. ಸುತ್ತಲಿನ ಬಣ್ಣ ನೀಲಿಯಾಗಿದ್ದರೆ ಅದೇ ಬೂದು ಹಳದಿಗೆ ತಿರುಗಿದಂತೆ ಕಾಣುತ್ತಿತ್ತು. ಹಳೆಯ ಬಣ್ಣದ ಮೇಲೆ ನೇರವಾಗಿ ಬಳಿದು ನೋಡುವ ಪರೀಕ್ಷೆ, ಅದರಲ್ಲೂ ಬೂದು, ಆಫ್ ವೈಟ್‌ನಂಥ ತೆಳು ಬಣ್ಣಗಳಿಗೆ, ದಾರಿ ತಪ್ಪಿಸುತ್ತದೆ. ಒಂದೇ ಕೋಟ್ ಬಳಿದಿದ್ದರೆ ಹಳೆಯ ಹಸಿರು ಕೆಳಗಿನಿಂದ ಇಣುಕುತ್ತದೆ, ಅದು ಇನ್ನೊಂದು ತೊಂದರೆ. ಬಳಿದ ಹತ್ತು ನಿಮಿಷಕ್ಕೆ ತೀರ್ಪು ಕೊಡುವುದೂ ತಪ್ಪು. ಹಸಿ ಎಮಲ್ಷನ್‌ನಲ್ಲಿ ಬೈಂಡರ್, ಅಂದರೆ ಬಣ್ಣವನ್ನು ಗೋಡೆಗೆ ಹಿಡಿದಿಡುವ ಅಂಟು, ಹಾಲಿನಂತೆ ಬೆಳ್ಳಗಿರುತ್ತದೆ, ಒಣಗಿದಾಗ ಪಾರದರ್ಶಕವಾಗಿ ಬಣ್ಣ ತುಸು ಗಾಢವಾಗುತ್ತದೆ.

ಇಷ್ಟರಲ್ಲಿ ಫೋಟೊ ತೆಗೆದು ಮೈಸೂರಿನ ದೊಡ್ಡಮ್ಮನಿಗೆ ವಾಟ್ಸಾಪ್ ಮಾಡಿದ್ದೂ ಆಗಿತ್ತು. ಮೊಬೈಲ್ ಕ್ಯಾಮೆರಾ ವೈಟ್ ಬ್ಯಾಲೆನ್ಸನ್ನು (ಬಿಳಿ ಬಿಳಿಯಾಗಿಯೇ ಕಾಣಲು ಮಾಡುವ ಬಣ್ಣದ ಹೊಂದಾಣಿಕೆ) ತಾನೇ ಹೊಂದಿಸಿಕೊಂಡು ಬೂದು ಬಣ್ಣಗಳ ಒಳಛಾಯೆಯನ್ನೇ ಮೊದಲು ಅಳಿಸಿಹಾಕುತ್ತದೆ. ಎರಡು ಬೂದುಗಳ ನಡುವೆ ಫೋಟೊ ನೋಡಿ ಆರಿಸಲು ಆಗುವುದಿಲ್ಲ.

ಬೋರ್ಡ್ ಮಾಡಿ ನೋಡಿದ್ದು

2×2 ಅಡಿಯ ತೆಳು ಹಾರ್ಡ್‌ಬೋರ್ಡ್ ನಾಲ್ಕು ತುಂಡು, ಒಂದೊಂದು ಶೇಡ್‌ಗೆ ಎರಡೆರಡು. ಮೊದಲು ಬಿಳಿ ವಾಟರ್ ಪ್ರೈಮರ್ ಒಂದು ಕೋಟ್. ಸುತ್ತ ಎರಡು ಇಂಚು ಬಿಳಿ ಅಂಚು ಉಳಿಯುವಂತೆ ಮಾಸ್ಕಿಂಗ್ ಟೇಪ್. ಆಮೇಲೆ ಗೋಡೆಗೆ ಹಚ್ಚಲಿರುವ ಅದೇ ಎಮಲ್ಷನ್‌ನಲ್ಲಿ, ಬ್ರಷ್ ಅಲ್ಲ, ಸಣ್ಣ ರೋಲರ್‌ನಲ್ಲಿ ಎರಡು ಕೋಟ್, ನಡುವೆ ನಾಲ್ಕು ಗಂಟೆ ಅಂತರ. ಒಂದು ದಿನ ಪೂರ್ತಿ ಒಣಗಲು ಬಿಡಬೇಕು. ಇಷ್ಟಕ್ಕೆ ಒಂದು ಶೇಡ್‌ಗೆ 200 ಎಂಎಲ್ ಸಾಕು; ಸಣ್ಣ ಸ್ಯಾಂಪಲ್ ಡಬ್ಬಿ ಸಿಗದಿದ್ದರೆ 1 ಲೀಟರ್ ಮಾಡಿಸಬೇಕಾಗುತ್ತದೆ. ಸ್ಯಾಂಪಲನ್ನು ಕಡಿಮೆ ಬೆಲೆಯ ಬೇರೆ ಎಮಲ್ಷನ್‌ನಲ್ಲಿ ಮಾಡಿಸಬಾರದು. ಅದೇ ಕೋಡ್ ಬೇರೆ ಬೇಸ್‌ನಲ್ಲಿ (ಬಣ್ಣ ಬೆರೆಸುವ ಮೂಲ ಪೇಂಟ್), ಬೇರೆ ಹೊಳಪಿನಲ್ಲಿ ಬೇರೆಯಾಗಿಯೇ ಕಾಣುತ್ತದೆ. ಬಿಳಿ ಪೇಂಟಿಗೆ ಕೈಯಿಂದ ಸ್ಟೇನರ್ (ಗಟ್ಟಿ ಬಣ್ಣದ ದ್ರವ) ಬೆರೆಸಿ ‘ಅದೇ ಶೇಡ್’ ಮಾಡಿಕೊಡುವುದಂತೂ ಬೇಡವೇ ಬೇಡ.

ಎರಡೆರಡು ಬೋರ್ಡ್ ಯಾಕೆಂದರೆ, ಒಂದೇ ಶೇಡ್‌ನ ಎರಡನ್ನು ಮೂಲೆಯಲ್ಲಿ ‘ಎಲ್’ ಆಕಾರದಲ್ಲಿ ಎದುರುಬದುರು ನಿಲ್ಲಿಸಬಹುದು. ಕೋಣೆಯಲ್ಲಿ ಬೆಳಕು ಒಂದು ಗೋಡೆಗೆ ಬಡಿದು ನಿಲ್ಲುವುದಿಲ್ಲ, ಇನ್ನೊಂದಕ್ಕೆ ಹಾರುತ್ತದೆ. ಎಲ್‌ಆರ್‌ವಿ 60 ಇದ್ದರೆ ಮೊದಲ ಸಲ 60 ಪಾಲು ವಾಪಸ್, ಎರಡನೆಯ ಸಲ 36, ಮೂರನೆಯ ಸಲ ಸುಮಾರು 22. ಪ್ರತಿ ಸಲವೂ ಒಳಛಾಯೆ ಇನ್ನಷ್ಟು ಗಟ್ಟಿಯಾಗುತ್ತದೆ. ಕಾರ್ಡಿನಲ್ಲಿ ಕಾಣದ ಪೀಚ್ ಬಣ್ಣ ನಾಲ್ಕು ಗೋಡೆ ಮುಗಿದ ಮೇಲೆ ಮೂಲೆಗಳಲ್ಲಿ ಎದ್ದು ಬರುವುದು ಇದರಿಂದಲೇ. ಅದನ್ನು ಮೊದಲೇ ನೋಡಲು ಎರಡು ಬೋರ್ಡಿನ ಈ ಮೂಲೆಗಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ.

ಬೋರ್ಡ್ ಪಕ್ಕದಲ್ಲಿ ಒಂದು ಬಿಳಿ ಎ4 ಹಾಳೆ ಹಿಡಿಯಬೇಕು. ಬಿಳಿ ಜೊತೆಗಿದ್ದರೆ ಬೂದು ಯಾವ ಕಡೆಗೆ ವಾಲಿದೆ ಎಂದು ಕಣ್ಣಿಗೆ ತಕ್ಷಣ ಸಿಗುತ್ತದೆ. ಇಲ್ಲವಾದರೆ ಎರಡೇ ನಿಮಿಷದಲ್ಲಿ ಕಣ್ಣು ಆ ಬೆಳಕಿಗೆ ಒಗ್ಗಿಬಿಡುತ್ತದೆ. ಶೇಡ್ ಕಾರ್ಡಿನಲ್ಲಿ ಅದೇ ಪಟ್ಟಿಯ ಕಟ್ಟಕಡೆಯ ಗಾಢ ಬಣ್ಣವನ್ನು ನೋಡುವುದೂ ಒಳ್ಳೆಯ ಅಭ್ಯಾಸ. ತಿಳಿ ಬೂದಿನಲ್ಲಿ ಅಡಗಿದ್ದದ್ದು ಅಲ್ಲಿ ಬಯಲಾಗುತ್ತದೆ. ಮರಳು ಬೂದಿನ ಪಟ್ಟಿಯ ತುದಿಯಲ್ಲಿ ಇದ್ದದ್ದು ಕೆಂಪು ಬೆರೆತ ಕಂದು. ಮೋಡದ ಬೂದಿನ ತುದಿಯಲ್ಲಿ ಇದ್ದದ್ದು ಹಸಿರಿನ ಕಡೆ ವಾಲಿದ ನೀಲಿ, ನೇರಳೆ ಅಲ್ಲ. ಈ ಎರಡನೆಯ ವಿವರ ಮುಂದೆ ಬಹಳ ಉಪಯೋಗಕ್ಕೆ ಬಂತು.

ಹಗಲಿನಲ್ಲಿ ಕಂಡದ್ದು

ಬೋರ್ಡ್‌ಗಳನ್ನು ಮೂರು ಜಾಗದಲ್ಲಿ ಇಟ್ಟು ನೋಡಲಾಯಿತು: ಕಿಟಕಿಯ ಎದುರಿನ ದಕ್ಷಿಣದ ಗೋಡೆ, ಪಶ್ಚಿಮದ ಗೋಡೆಯ ಕೆಳಭಾಗ ನೆಲಕ್ಕೆ ತಾಗಿದಂತೆ, ಮತ್ತು ಕಿಟಕಿಯ ಪಕ್ಕದ ಕತ್ತಲೆ ಮೂಲೆ.

ಬೆಳಗ್ಗೆ ಎಂಟರೊಳಗೆ ಈ ಮನೆಯ ನೆರಳೇ ಕಿಟಕಿಯ ಎದುರಿನ ಗೋಡೆಯನ್ನು ಮುಚ್ಚಿರುತ್ತದೆ. ಆಗ ಮರಳು ಬೂದು ಕಾರ್ಡಿನಲ್ಲಿದ್ದಂತೆಯೇ, ಹದವಾಗಿ, ಚೆನ್ನಾಗಿ ಕಂಡಿತು. ಮೋಡದ ಬೂದು ಸ್ವಲ್ಪ ಚಳಿ ಅನ್ನಿಸುವಂತಿತ್ತು. ಆ ಹೊತ್ತಿಗೇ ತೀರ್ಮಾನ ಆಗಿದ್ದರೆ ಅಮ್ಮನ ಆಯ್ಕೆ ಗೆಲ್ಲುತ್ತಿತ್ತು.

ಹನ್ನೆರಡಕ್ಕೆ ಚಿತ್ರ ತಿರುಗಿತು. ಎದುರು ಗೋಡೆಗೆ ಬಿಸಿಲು ಬಿದ್ದೊಡನೆ ಮರಳು ಬೂದು ಪೀಚ್ ಬಣ್ಣಕ್ಕೆ ಹೊರಳಿತು. ‘ಎಲ್’ ಮೂಲೆಯಲ್ಲಿ ಅದು ಬೂದು ಎಂದು ಹೇಳಲೂ ಬಾರದಷ್ಟು ಗುಲಾಬಿಯಾಗಿತ್ತು. ಕಾರಣ ಸರಳ: ಅಂಗಡಿಯಲ್ಲಿ ಬಣ್ಣ ಬೆರೆಸುವ ಟಿಂಟಿಂಗ್ ಮಷೀನಿನ ಫಾರ್ಮುಲಾದಲ್ಲಿ ಅದಕ್ಕೆ ಬಿದ್ದದ್ದು ಕಪ್ಪು, ಹಳದಿ ಆಕ್ಸೈಡ್ ಮತ್ತು ಚೂರು ಕೆಂಪು ಆಕ್ಸೈಡ್. ಆ ಬಣ್ಣ ಕೆಂಪು ಬೆಳಕನ್ನು ಎತ್ತಿ ವಾಪಸ್ ಕೊಡುತ್ತದೆ. ಬರುವ ಬೆಳಕೇ ಕೆಂಪಾದಾಗ ಎರಡೂ ಕೂಡಿಕೊಂಡವು. ನೆಲದ ಹತ್ತಿರ ಇನ್ನೂ ಹೆಚ್ಚು. ರೆಡ್ ಆಕ್ಸೈಡ್ ನೆಲದ ಪ್ರತಿಫಲನ ಗೋಡೆಯ ಕೆಳಗಿನ ಎರಡು ಮೂರು ಅಡಿಗೆ ಬಡಿಯುತ್ತದೆ. ಫಾರ್ಮುಲಾ ಏನೆಂದು ಅಂಗಡಿಯಲ್ಲಿ ಕೇಳಿದರೆ ಮಷೀನಿನ ಪರದೆಯಲ್ಲಿ ತೋರಿಸುತ್ತಾರೆ, ಕೇಳಲು ಸಂಕೋಚ ಬೇಡ.

ಮೋಡದ ಬೂದಿನಲ್ಲಿದ್ದ ಹಸಿರು-ನೀಲಿ ಅಂಶ ಅದೇ ಕೆಂಪು ಬೆಳಕನ್ನು ಸರಿಗಟ್ಟಿತು. ಎ4 ಹಾಳೆಯ ಪಕ್ಕದಲ್ಲಿ ಹಿಡಿದಾಗ ಅದು ನಿಜವಾದ, ಯಾವ ಕಡೆಗೂ ವಾಲದ ಬೂದಾಗಿ ನಿಂತಿತು. ಇದೇ ಬೂದು ನೇರಳೆ ಕಡೆಗೆ ವಾಲಿದ್ದಿದ್ದರೆ ಕೆಂಪು ಬೆಳಕಿನಲ್ಲಿ ಬದನೆಕಾಯಿ ಛಾಯೆ ಬಂದು ಬೇರೆಯದೇ ಅನಾಹುತ ಆಗುತ್ತಿತ್ತು. ಕೆಂಪು ಬೆಳಕಿನ ಕೋಣೆಗೆ ‘ಕೂಲ್ ಗ್ರೇ’ ಹಾಕಬಹುದು ಅನ್ನುವುದು ಅರ್ಧ ಸತ್ಯ. ಯಾವ ಕೂಲ್ ಎಂದು ನೋಡಿಕೊಳ್ಳಬೇಕು.

ಜೂನ್‌ನ ಸ್ಥಿತಿಯನ್ನು ಡಿಸೆಂಬರ್‌ನಲ್ಲೇ ಅಂದಾಜು ಮಾಡಲು ದಾರಿ ಇದೆ. ಎದುರು ಗೋಡೆಗೆ ಬಿಸಿಲಿಲ್ಲದ ಮುಂಜಾವಿನ ನೋಟವೇ ಮಳೆಗಾಲದ ಹಗಲಿಗೆ ಹತ್ತಿರದ್ದು. ಅಂದರೆ ವರ್ಷದ ಕೆಲವು ತಿಂಗಳು ಮೋಡದ ಬೂದು ಹಗಲಿಡೀ ತುಸು ಚಳಿಯಾಗಿಯೇ ಇರುತ್ತದೆ. ಇದನ್ನು ಮನೆಯವರಿಗೆ ಸ್ಪಷ್ಟವಾಗಿ ಹೇಳಿಯೇ ಮುಂದುವರಿಯಬೇಕಿತ್ತು, ಹಾಗೆಯೇ ಆಯಿತು. ಚಳಿಯನ್ನು ಪರದೆ, ದಿವಾನ್ ಹಾಸು, ದೀಪ ತುಂಬಿಕೊಡುತ್ತವೆ. ಗೋಡೆಯ ಗುಲಾಬಿಯನ್ನು ಯಾವ ಪರದೆಯೂ ತೆಗೆಯುವುದಿಲ್ಲ.

ರಾತ್ರಿಯ ದೀಪ

ಇಲ್ಲಿ ಮೋಡದ ಬೂದು ಮೊದಲ ಸುತ್ತಿನಲ್ಲಿ ಸೋತಿತು. 6500 ಕೆಲ್ವಿನ್‌ನ ಟ್ಯೂಬ್ ಹಾಕಿದಾಗ ಅದು ಉಕ್ಕಿನ ನೀಲಿಯಾಗಿ, “ಆಸ್ಪತ್ರೆ ವಾರ್ಡ್ ಥರ ಇದೆ ಕಣೇ” ಎಂದು ಅಮ್ಮ ಹೇಳುವಂತಾಯಿತು. ಅದರಲ್ಲಿ ತಪ್ಪೇನಿಲ್ಲ. ಆ ಟ್ಯೂಬಿನ ಬೆಳಕಿನಲ್ಲಿ ನೀಲಿ ಅಂಶ ಹೆಚ್ಚು, ಕೆಂಪು ಕಡಿಮೆ. ಮರಳು ಬೂದು ಅದರಡಿ ಮಂಕಾಗಿ ಖಾಕಿ ಕಡೆಗೆ ಹೋಯಿತು, ಆದರೂ ಸಹಿಸುವಂತಿತ್ತು. 3000 ಕೆಲ್ವಿನ್‌ನ ವಾರ್ಮ್ ವೈಟ್ ಬಲ್ಬ್ ಹಾಕಿದಾಗ ಮರಳು ಮತ್ತೆ ಪೀಚ್, ಮೋಡ ಹಿತವಾದ ಬೂದು. ಆದರೆ ಬಿಳಿ ಸೀಲಿಂಗ್ ಹಳದಿಯಾಗಿ ಕಂಡಿತು. 4000 ಕೆಲ್ವಿನ್‌ನಲ್ಲಿ ಮೋಡದ ಬೂದು ಬೂದಾಗಿಯೇ ಉಳಿದು ಸೀಲಿಂಗ್ ಬಿಳಿಯಾಗಿಯೇ ಉಳಿಯಿತು.

ಎರಡು ಟ್ಯೂಬ್ ಬದಲಾಯಿಸುವ ಖರ್ಚು ಇಡೀ ಹಾಲ್‌ಗೆ ಮತ್ತೆ ಬಣ್ಣ ಹೊಡೆಸುವ ಖರ್ಚಿನ ಮುಂದೆ ಏನೂ ಅಲ್ಲ. ದೀಪ ಬದಲಾಯಿಸಬಹುದು, ನೆರೆಯವರ ಗೋಡೆ ಬದಲಾಯಿಸಲು ಆಗದು. ಟ್ಯೂಬ್ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಕೆಲ್ವಿನ್ ಜೊತೆಗೆ ಸಿಆರ್‌ಐ ಅಂಕಿಯನ್ನೂ (ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದರ ಅಳತೆ, ಗರಿಷ್ಠ 100) ನೋಡಬೇಕು. 80 ಸಾಮಾನ್ಯ, 90 ಸಿಕ್ಕಿದರೆ ತೇಗದ ಬಾಗಿಲು, ಕೆಂಪು ನೆಲ ಎರಡೂ ಜೀವ ಕಳೆದುಕೊಳ್ಳದೆ ಕಾಣುತ್ತವೆ. ಒಂದೇ ಕೋಣೆಯಲ್ಲಿ ಒಂದು 6500, ಒಂದು 4000 ಬೆರೆಸಿದರೆ ಒಂದೇ ಗೋಡೆಯಲ್ಲಿ ಎರಡು ಬಣ್ಣ ಕಾಣುತ್ತದೆ. ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು.

ತೀರ್ಮಾನ, ಮತ್ತು ದೇವರ ಗೂಡು

ಹಾಲ್‌ನ ಗೋಡೆಗಳಿಗೆ ಮೋಡದ ಬೂದು ಎಂದಾಯಿತು. ಆದರೆ ಮರಳು ಬೂದು ಪೂರ್ತಿ ಹೊರಗುಳಿಯಲಿಲ್ಲ. ದೇವರ ಗೂಡಿನ ಒಳಗೋಡೆಗೆ ಅದನ್ನೇ ಹಚ್ಚಲಾಯಿತು. ದಿನಾ ಎಣ್ಣೆ ದೀಪ, ಊದುಬತ್ತಿ ಉರಿಯುವ ಜಾಗದಲ್ಲಿ ಗೋಡೆಗೆ ಹಳದಿಗಂದು ಪದರ ಕೂರುತ್ತದೆ. ನೀಲಿ ಒಳಛಾಯೆಯ ಬೂದಿನ ಮೇಲೆ ಅದು ಕೊಳಕು ಹಸಿರಾಗಿ ಕಾಣುತ್ತದೆ, ಮರಳಿನ ಮೇಲೆ ಹೆಚ್ಚು ಕಾಲ ಕಣ್ಣಿಗೆ ಬೀಳುವುದಿಲ್ಲ. ಗೂಡಿನೊಳಗೆ ಕಿಟಕಿಯ ಬೆಳಕೂ ನೇರವಾಗಿ ಬರದು, ಪೀಚ್ ಸಮಸ್ಯೆ ಅಲ್ಲಿಲ್ಲ. ಎಲ್‌ಆರ್‌ವಿ ಹತ್ತಿರವಿರುವುದರಿಂದ ತೇಪೆ ಹಾಕಿದಂತೆಯೂ ಕಾಣುವುದಿಲ್ಲ.

ತೇಗದ ಬಾಗಿಲಿನ ಪಕ್ಕದಲ್ಲಿ ಮೋಡದ ಬೂದು ಮರದ ಕಿತ್ತಳೆ ಛಾಯೆಯನ್ನು ಎತ್ತಿ ತೋರಿಸುತ್ತದೆ. ಕೆಲವರಿಗೆ ಇದು ಇಷ್ಟವಾಗದು. ಈ ಮನೆಯಲ್ಲಿ ಬಾಗಿಲು ಹಳೆಯದು, ಒಳ್ಳೆಯದು, ಎದ್ದು ಕಾಣಲಿ ಎಂದೇ ಬಯಸಿದರು.

ಹೊಳಪಿನ ಮಾತು. ಕಿಟಕಿಯ ಎರಡೂ ಪಕ್ಕದ ಗೋಡೆಗಳಿಗೆ ಬೆಳಕು ಓರೆಯಾಗಿ ಬೀಳುತ್ತದೆ. ಪುಟ್ಟಿಯ ಏರಿಳಿತವೆಲ್ಲ ಅಲ್ಲಿ ಕಾಣುತ್ತದೆ, ಹೊಳಪು ಹೆಚ್ಚಾದಷ್ಟೂ ಹೆಚ್ಚು ಕಾಣುತ್ತದೆ. ಪೂರ್ತಿ ಮ್ಯಾಟ್ ಹಾಕಿದರೆ ದಿವಾನ್‌ಗೆ ಒರಗುವ ಜಾಗದಲ್ಲಿ, ನೆಲದಿಂದ ಮೂರು ಅಡಿ ಎತ್ತರದಲ್ಲಿ, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯ ದುಂಡು ಕಲೆ ಮೂಡಿ ಒರೆಸಿದರೂ ಹೋಗುವುದಿಲ್ಲ. ನಡುವಿನ ದಾರಿ, ತೊಳೆಯಬಹುದಾದ ಸಾಫ್ಟ್ ಶೀನ್ ಎಮಲ್ಷನ್. ಅದಕ್ಕೆ ಮೊದಲು ಓರೆ ಬೆಳಕಿನ ಗೋಡೆಗಳಿಗೆ ಟಾರ್ಚನ್ನು ಗೋಡೆಗೆ ತಾಗಿಸಿ ಹಿಡಿದು, ಉಬ್ಬು ಕಂಡಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ, 220 ನಂಬರ್ ಎಮರಿಯಲ್ಲಿ ಉಜ್ಜಬೇಕು.

ಲೆಕ್ಕ ಮತ್ತು ಕೆಲಸ

ನಾಲ್ಕು ಗೋಡೆಯ ಸುತ್ತಳತೆ 54 ಅಡಿ, ಎತ್ತರ ಒಂಬತ್ತೂವರೆ: 513 ಚದರ ಅಡಿ. ಮುಂಬಾಗಿಲು, ಎರಡು ಕೋಣೆ ಬಾಗಿಲು, ಅಡುಗೆಮನೆ ಕಡೆಯ ಓಪನಿಂಗ್, ಕಿಟಕಿ ಸೇರಿ ಸುಮಾರು 125 ಕಳೆದರೆ ಉಳಿಯುವುದು 388. ಪುಟ್ಟಿ, ಪ್ರೈಮರ್ ಆದ ನಯವಾದ ಗೋಡೆಗೆ ಎರಡು ಕೋಟ್ ಲೆಕ್ಕದಲ್ಲಿ ಲೀಟರಿಗೆ 130 ಚದರ ಅಡಿ ಹಿಡಿದರೆ 3 ಲೀಟರ್ ಬೇಕು. 4 ಲೀಟರ್ ಬಕೆಟ್ ತಂದರೆ ಒಂದು ಲೀಟರ್‌ನಷ್ಟು ಟಚಪ್‌ಗೆ ಉಳಿಯುತ್ತದೆ. ನಾಲ್ಕು ಸಲ ಒಂದೊಂದು ಲೀಟರ್ ತರುವ ಯೋಚನೆ ಬೇಡ. ತಿಳಿ ಬೂದುಗಳಿಗೆ ಬೀಳುವ ಬಣ್ಣದ ಹನಿಯೇ ಕಡಿಮೆ. ಮಷೀನ್ ಒಂದು ಚೂರು ಹೆಚ್ಚುಕಡಿಮೆ ಹಾಕಿದರೂ ಗೋಡೆಯ ಮೇಲೆ ಗೊತ್ತಾಗುತ್ತದೆ.

ಬಕೆಟ್ ಬಂದ ಕೂಡಲೇ ಚೆನ್ನಾಗಿ ಕಲಕಿ, ಒಂದು ಗೆರೆಯನ್ನು ಸ್ಯಾಂಪಲ್ ಬೋರ್ಡಿನ ಮೇಲೆಯೇ ಎಳೆದು ಒಣಗಲು ಬಿಡಬೇಕು. ಗೆರೆ ಬೋರ್ಡಿನಲ್ಲಿ ಕರಗಿಹೋದರೆ ಸರಿ. ಎದ್ದು ಕಂಡರೆ ಗೋಡೆಗೆ ಹಚ್ಚುವ ಮೊದಲೇ ಅಂಗಡಿಗೆ ವಾಪಸ್. ಹಚ್ಚಿದ ಮೇಲೆ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಈ ಮನೆಯಲ್ಲಿ ಮೊದಲ ಕೋಟ್ ಆದ ಮೇಲೆ ಸ್ವಿಚ್‌ಬೋರ್ಡಿನ ಸುತ್ತ, ಸೀಲಿಂಗಿನ ಅಂಚಿನಲ್ಲಿ ಮೂರು ಇಂಚು ಅಗಲದ ಬೇರೆ ಬಣ್ಣದ ಪಟ್ಟಿ ಕಂಡಿತು. ಎಲ್ಲ ಗೋಡೆಗಳ ಅಂಚನ್ನೂ ಬೆಳಗ್ಗೆಯೇ ಬ್ರಷ್‌ನಲ್ಲಿ ಕಟ್ಟಿ, ಮಧ್ಯಾಹ್ನ ರೋಲರ್ ಹಾಯಿಸಿದ್ದರ ಫಲ ಅದು. ಬ್ರಷ್ ಕೆಲಸಕ್ಕೆ ನೀರು ತುಸು ಹೆಚ್ಚು ಬೆರೆಸಿದ್ದೂ ಸೇರಿಕೊಂಡಿತ್ತು. ಎರಡನೆಯ ಕೋಟ್‌ನಲ್ಲಿ ಒಂದು ಗೋಡೆಯ ಅಂಚು ಕಟ್ಟಿ, ಅದು ಹಸಿಯಿರುವಾಗಲೇ ಆ ಗೋಡೆಗೆ ರೋಲರ್ ಮುಗಿಸಿ, ಆಮೇಲೆ ಮುಂದಿನ ಗೋಡೆಗೆ ಹೋದರು. ಬ್ರಷ್‌ಗೂ ರೋಲರ್‌ಗೂ ಒಂದೇ ಹದದ ಪೇಂಟ್. ಪಟ್ಟಿ ಮಾಯವಾಯಿತು. ತಿಳಿ ಬೂದುಗಳಲ್ಲಿ ಈ ದೋಷ ಕೆನೆ ಬಣ್ಣಗಳಿಗಿಂತ ಬೇಗ ಕಣ್ಣಿಗೆ ಹೊಡೆಯುತ್ತದೆ.

ಉಳಿದ ಪೇಂಟನ್ನು ದೊಡ್ಡ ಬಕೆಟ್‌ನಲ್ಲೇ ಬಿಟ್ಟರೆ ಗಾಳಿ ಸೇರಿ ಮೇಲೆ ಕೆನೆ ಕಟ್ಟುತ್ತದೆ. ಬಾಯಿತನಕ ತುಂಬುವಂಥ ಒಂದು ಲೀಟರ್ ಪ್ಲಾಸ್ಟಿಕ್ ಡಬ್ಬಿಗೆ ಸುರಿದು, ಶೇಡ್ ಕೋಡ್, ಎಮಲ್ಷನ್ ಹೆಸರು, ಬೇಸ್, ಬ್ಯಾಚ್ ನಂಬರ್, ಬೆರೆಸಿದ ನೀರಿನ ಪ್ರಮಾಣ ಬರೆದು ಅಂಟಿಸಿ, ನಾಲ್ಕು ಬೋರ್ಡ್‌ಗಳ ಜೊತೆಗೆ ಅಟ್ಟದ ಮೇಲೆ ಇಡಲಾಗಿದೆ. ಟಚಪ್ ಮಾಡುವಾಗ ಬ್ರಷ್ ಬೇಡ, ಅದೇ ಸಣ್ಣ ರೋಲರ್. ಕಲೆ ದಿವಾನ್ ಹಿಂದೆ ಅಂಗೈಯಷ್ಟೇ ಇದ್ದರೂ ಮೂಲೆಯಿಂದ ಮೂಲೆಗೆ ಆ ಗೋಡೆ ಪೂರ್ತಿ ಒಂದು ಕೋಟ್ ಹಾಯಿಸುವುದು ಒಳ್ಳೆಯದು. ಓರೆ ಬೆಳಕಿನ ಗೋಡೆಯಲ್ಲಿ ಚುಕ್ಕೆ ಟಚಪ್ ಎಷ್ಟು ಜಾಗ್ರತೆಯಿಂದ ಮಾಡಿದರೂ ಕಾಣುತ್ತದೆ.